ಪಟ್ಟಿಯಲ್ಲಿಲ್ಲದವರು: ಬ್ರೆಂಟ್ ಸ್ಪಾರ್, 1995

1995ರ ಜೂನ್ 20ರಂದು ಬ್ರಿಟನ್ ಪ್ರಧಾನಿ ಜಾನ್ ಮೇಜರ್ ಸಂಸತ್ತಿನಲ್ಲಿ ಎದ್ದು ನಿಂತು, ಶೆಲ್ ಕಂಪನಿ ಬ್ರೆಂಟ್ ಸ್ಪಾರ್ ಎಂಬ ತನ್ನ ಹಳೆಯ ತೈಲ ಸಂಗ್ರಹಾಗಾರವನ್ನು ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿಸುವುದು ಸರಿಯೇ ಎಂದು ವಾದಿಸಿದರು. ಕೆಲವೇ ಗಂಟೆಗಳ ಬಳಿಕ ಶೆಲ್ ಯುಕೆ, ತಾನು ಅದನ್ನು ಮುಳುಗಿಸುವುದಿಲ್ಲ ಎಂದು ಪ್ರಕಟಿಸಿತು. ಕಂಪನಿಯ ಕೈಯಲ್ಲಿ ಎಲ್ಲ ಪರವಾನಗಿಗಳೂ ಇದ್ದವು. ನ್ಯಾಯಾಲಯವೂ ತಡೆದಿರಲಿಲ್ಲ, ಸರ್ಕಾರವೂ ಹಿಂದೆ ಸರಿದಿರಲಿಲ್ಲ. ತನ್ನ ಪರ ನಿಂತಿದ್ದ ಸರ್ಕಾರವನ್ನೇ ನಡುನೀರಿನಲ್ಲಿ ಬಿಟ್ಟು ಕಂಪನಿ ತಾನಾಗಿಯೇ ಹಿಮ್ಮೆಟ್ಟಿತು.

ವರ್ಚಸ್ಸಿನ ಅಪಾಯ ನಿರ್ವಹಣೆಯನ್ನು, ಅಂದರೆ ಕಂಪನಿಯ ಹೆಸರು ಕೆಡದಂತೆ ನೋಡಿಕೊಳ್ಳುವುದನ್ನು, ವೃತ್ತಿಯಾಗಿ ಮಾಡುವವರು ಈ ಪ್ರಕರಣವನ್ನು ಮತ್ತೆ ಮತ್ತೆ ತೆರೆದು ನೋಡುವುದಕ್ಕೆ ಕಾರಣವಿದೆ. ಕಂಪನಿ ಏನನ್ನೋ ಮುಚ್ಚಿಟ್ಟು ಸಿಕ್ಕಿಬಿದ್ದ ಕಥೆ ಇದಲ್ಲ. ಕಡತ ಬಹುಮಟ್ಟಿಗೆ ಸರಿಯಾಗಿಯೇ ಇತ್ತು. ತಪ್ಪಿದ್ದು ಯಾರನ್ನು ಕೇಳಬೇಕು ಎಂಬ ಪಟ್ಟಿ.

ವಸ್ತು

ಬ್ರೆಂಟ್ ಸ್ಪಾರ್ ಎಂದರೆ ಉತ್ತರ ಸಮುದ್ರದ ಬ್ರೆಂಟ್ ತೈಲಕ್ಷೇತ್ರದಲ್ಲಿ ನೆಟ್ಟಗೆ ತೇಲುತ್ತಿದ್ದ ಒಂದು ಉಕ್ಕಿನ ಕೊಳವೆ. ಎತ್ತರ 137 ಮೀಟರ್, ಅದರಲ್ಲಿ ನೀರಿನಡಿಯ ಭಾಗವೇ 109 ಮೀಟರ್. ತೂಕ ಸುಮಾರು 14,500 ಟನ್. ಅದು ಬಾವಿ ಕೊರೆಯುವ ವೇದಿಕೆಯಲ್ಲ. ಮೇಲೆತ್ತಿದ ತೈಲವನ್ನು ತುಂಬಿಟ್ಟುಕೊಂಡು ಹಡಗುಗಳಿಗೆ ಸಾಗಿಸುವ ತೊಟ್ಟಿ. ಮೂರು ಲಕ್ಷ ಬ್ಯಾರೆಲ್ ಹಿಡಿಯುತ್ತಿತ್ತು. 1976ರಲ್ಲಿ ಕೆಲಸ ಶುರು ಮಾಡಿತು. ಶೆಟ್‌ಲ್ಯಾಂಡ್‌ನ ಸಲ್ಲಮ್ ವೋ ಟರ್ಮಿನಲ್‌ಗೆ ಕೊಳವೆಮಾರ್ಗ ಬಂದ ಮೇಲೆ ಅದರ ಅಗತ್ಯ ಕುಗ್ಗಿತು, 1991ರಲ್ಲಿ ನಿಂತೇಹೋಯಿತು. ಮಾಲೀಕತ್ವ ಶೆಲ್ ಮತ್ತು ಇನ್ನೊಂದು ತೈಲ ಕಂಪನಿ ಎಸ್ಸೊ ನಡುವೆ ಅರ್ಧರ್ಧ, ನಡೆಸುತ್ತಿದ್ದುದು ಶೆಲ್ ಯುಕೆ.

ಇಂಥ ವಸ್ತುವನ್ನು ವಿಲೇವಾರಿ ಮಾಡುವುದು ನಿಜಕ್ಕೂ ಕಷ್ಟ. ಹಿಂದೆಯೇ ಅದರ ಎರಡು ತೊಟ್ಟಿಗಳಿಗೆ ಹಾನಿಯಾಗಿತ್ತು. ನೆಟ್ಟಗಿರುವುದನ್ನು ಸಮುದ್ರದಲ್ಲಿ ಅಡ್ಡ ಮಲಗಿಸಿ ದಡಕ್ಕೆ ಎಳೆಯಹೊರಟರೆ, ಆ ಒತ್ತಡಕ್ಕೆ ಉಕ್ಕು ಸೀಳಿ, ಕಡಿಮೆ ಆಳದ ನೀರಿನಲ್ಲೇ ಮುರಿದು ಬೀಳಬಹುದಿತ್ತು. ಶೆಲ್ ಹಲವು ದಾರಿಗಳನ್ನು ಅಧ್ಯಯನ ಮಾಡಿಸಿತು. ಕೊನೆಗೆ ಉಳಿದವು ಎರಡು: ದಡಕ್ಕೆ ತಂದು ಕತ್ತರಿಸುವುದು, ಇಲ್ಲವೇ ಸ್ಕಾಟ್‌ಲ್ಯಾಂಡ್‌ನ ಪಶ್ಚಿಮಕ್ಕೆ ಸುಮಾರು 240 ಕಿಲೋಮೀಟರ್ ದೂರದ ನಾರ್ತ್ ಫೆನಿ ರಿಜ್ ಎಂಬಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಮುಳುಗಿಸುವುದು. ಕಾರ್ಮಿಕರ ಜೀವಕ್ಕೆ ಅಪಾಯ ಎರಡನೆಯದರಲ್ಲಿ ಕಡಿಮೆ, ಪರಿಸರದ ಮೇಲಿನ ಪರಿಣಾಮ ಎರಡರಲ್ಲೂ ನಗಣ್ಯ, ಖರ್ಚು ಮೊದಲನೆಯದಕ್ಕೆ ದುಪ್ಪಟ್ಟಿಗೂ ಹೆಚ್ಚು ಎಂಬ ಲೆಕ್ಕ ಬಂತು. ಆಯ್ಕೆ ಸಹಜವಾಗಿಯೇ ಎರಡನೆಯದರ ಕಡೆ ವಾಲಿತು.

ಯಾರನ್ನು ಕೇಳಿದರು

ಬ್ರಿಟಿಷ್ ಕಾನೂನು ಹೇಳಿದ್ದವರನ್ನೆಲ್ಲ ಕೇಳಿದರು. ಮೀನುಗಾರರ ಸಂಘಗಳು, ಸರ್ಕಾರದ ಪ್ರಕೃತಿ ಸಂರಕ್ಷಣಾ ಸಂಸ್ಥೆಗಳು, ಇಲಾಖೆಗಳು. 1995ರ ಫೆಬ್ರವರಿಯಲ್ಲಿ ಬ್ರಿಟಿಷ್ ಸರ್ಕಾರ ಒಪ್ಪಿಗೆಯ ಇಂಗಿತ ನೀಡಿ, ಈಶಾನ್ಯ ಅಟ್ಲಾಂಟಿಕ್ ಸಾಗರದ ಮಾಲಿನ್ಯ ತಡೆಯುವ ಓಸ್ಲೊ-ಪ್ಯಾರಿಸ್ ಒಪ್ಪಂದದ ಸದಸ್ಯ ದೇಶಗಳಿಗೆ ಸೂಚನೆ ಕಳಿಸಿತು. ಆಕ್ಷೇಪಣೆಗೆ 60 ದಿನ ಅವಕಾಶ. ಜರ್ಮನಿ, ನೆದರ್‌ಲ್ಯಾಂಡ್ಸ್, ಡೆನ್ಮಾರ್ಕ್ ಸೇರಿ ಯಾರೂ ಆ ಅವಧಿಯಲ್ಲಿ ಆಕ್ಷೇಪಿಸಲಿಲ್ಲ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಕಂಪನಿಯ ಕಾನೂನು ವಿಭಾಗದ ಕಣ್ಣಿಗೆ ಈ ಮೌನ ಸಮ್ಮತಿ. ಸಂವಹನ ಸಲಹೆಗಾರರ ಕಣ್ಣಿಗೆ ಅದು ಇನ್ನೂ ಬಾರದ ಉತ್ತರ, ಅಷ್ಟೇ. ಅರವತ್ತು ದಿನಗಳಲ್ಲಿ ಆ ಸೂಚನೆ ಒಂದು ಸಚಿವಾಲಯದ ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಿರಬಹುದು. ಮಂತ್ರಿಯ ಕಿವಿಗೆ ಬಿದ್ದಿದೆ ಎಂದಾಗಲೀ ಮತದಾರನಿಗೆ ಗೊತ್ತಿದೆ ಎಂದಾಗಲೀ ಅದರ ಅರ್ಥವಲ್ಲ. ಯಾವ ಅಧಿಕಾರಿಯೂ ಓದದೆ ಬಿಟ್ಟ ಕಾಗದದ ಮೇಲೆ ಅದೇ ದೇಶದ ಚಾನ್ಸಲರ್ ನಾಲ್ಕು ತಿಂಗಳ ನಂತರ ಸಿಟ್ಟಾಗುವುದನ್ನು ಯಾವ ಅವಧಿಯೂ ತಡೆಯಲಾರದು.

ಸ್ಟೇಕ್‌ಹೋಲ್ಡರ್ (ಯೋಜನೆಯಲ್ಲಿ ಹಿತಾಸಕ್ತಿ ಇರುವವರ) ಪಟ್ಟಿಯನ್ನು ಪ್ರಭಾವ ಮತ್ತು ಆಸಕ್ತಿ ಎಂಬ ಎರಡು ಅಕ್ಷಗಳ ಚೌಕದಲ್ಲಿ ಹಾಕುವ ರೂಢಿಯಿದೆ. ಬ್ರೆಂಟ್ ಸ್ಪಾರ್‌ಗೆ ಆ ಚೌಕ ಹಾಕಿದ್ದರೂ ಉತ್ತರ ಬದಲಾಗುತ್ತಿರಲಿಲ್ಲ ಎನ್ನುವುದು ನಮ್ಮ ಅನಿಸಿಕೆ. ಮುಂದೆ ಶೆಲ್ ಪೆಟ್ರೋಲನ್ನು ಬಹಿಷ್ಕರಿಸಲಿದ್ದ ಫ್ರಾಂಕ್‌ಫರ್ಟ್‌ನ ಕಾರು ಮಾಲೀಕ ಆಗ ಎರಡೂ ಅಕ್ಷಗಳಲ್ಲಿ ಸೊನ್ನೆ. ಇದಕ್ಕಿಂತ ಮೂರು ಕಾಲಮ್ಮಿನ ಒರಟು ಪಟ್ಟಿ ಹೆಚ್ಚು ಕೆಲಸಕ್ಕೆ ಬರುತ್ತದೆ. ಮೊದಲ ಕಾಲಮ್ಮಿನಲ್ಲಿ ಸಹಿ ಹಾಕಬೇಕಾದವರು. ಎರಡನೆಯದರಲ್ಲಿ ಸಹಿಯ ಹಕ್ಕಿಲ್ಲದಿದ್ದರೂ ಕೆಲಸ ನಿಲ್ಲಿಸಬಲ್ಲವರು. ಮೂರನೆಯದರಲ್ಲಿ, ಕೆಲಸ ಕೆಟ್ಟರೆ ಅದರ ಬೆಲೆ ಯಾರ ಜೇಬಿನಿಂದ ಹೋಗುತ್ತದೋ ಅವರು. ಶೆಲ್ ಯುಕೆಯ ಮೊದಲ ಕಾಲಮ್ ಭರ್ತಿಯಾಗಿತ್ತು. ಎರಡನೆಯದರಲ್ಲಿ ಪರಿಸರ ಸಂಘಟನೆ ಗ್ರೀನ್‌ಪೀಸ್, ಜರ್ಮನ್ ಗ್ರಾಹಕ, ನೆರೆದೇಶಗಳ ಪರಿಸರ ಸಚಿವರು ಇರಬೇಕಿತ್ತು. ಮೂರನೆಯದರಲ್ಲಿ ಇರಬೇಕಿದ್ದವರು ಹೊರಗಿನವರೇ ಅಲ್ಲ: ಶೆಲ್‌ನ ಜರ್ಮನ್ ಕಂಪನಿ, ಅದರ ಪೆಟ್ರೋಲ್ ಬಂಕ್‌ಗಳನ್ನು ನಡೆಸುತ್ತಿದ್ದ ಡೀಲರ್‌ಗಳು. ತೀರ್ಮಾನ ಬ್ರಿಟನ್ ಘಟಕದ್ದು, ಪೆಟ್ಟು ಜರ್ಮನ್ ಘಟಕಕ್ಕೆ. ಅಂದಿನ ಶೆಲ್‌ನಲ್ಲಿ ದೇಶಕ್ಕೊಂದು ಘಟಕ ಬಹುಮಟ್ಟಿಗೆ ಸ್ವತಂತ್ರವಾಗಿ ನಡೆಯುತ್ತಿದ್ದುದರಿಂದ ಈ ಎರಡು ಕಾಲಮ್‌ಗಳನ್ನು ಒಟ್ಟಿಗೆ ನೋಡುವ ಮೇಜೇ ಇರಲಿಲ್ಲ.

ಏಳು ವಾರ

ಏಪ್ರಿಲ್ 30ರಂದು ಗ್ರೀನ್‌ಪೀಸ್ ಕಾರ್ಯಕರ್ತರು ಸ್ಪಾರ್ ಹತ್ತಿದರು. ದಿನಾಂಕ ಸುಮ್ಮನೆ ಆರಿಸಿದ್ದಲ್ಲ. ಜೂನ್ 8 ಮತ್ತು 9ರಂದು ಡೆನ್ಮಾರ್ಕಿನ ಎಸ್‌ಬ್ಯರ್ಗ್‌ನಲ್ಲಿ ಉತ್ತರ ಸಮುದ್ರದ ದೇಶಗಳ ಸಚಿವರ ಸಮ್ಮೇಳನ ನಿಗದಿಯಾಗಿತ್ತು. ಸಂಘಟನೆಯ ಕ್ಯಾಲೆಂಡರ್ ಕಂಪನಿಯ ಕ್ಯಾಲೆಂಡರಿಗಿಂತ ಚೆನ್ನಾಗಿತ್ತು. ಸ್ಪಾರ್ ಮೇಲೆ ಪತ್ರಕರ್ತರೂ ಇದ್ದರು, ಉಪಗ್ರಹದ ಮೂಲಕ ಚಿತ್ರ ಕಳಿಸುವ ವ್ಯವಸ್ಥೆಯೂ ಇತ್ತು.

ಮೇ 23ರಂದು ಕಂಪನಿ ಅವರನ್ನು ಇಳಿಸಿತು. ಜೂನ್ 11ರಂದು ಸ್ಪಾರ್ ಎಳೆಯುವ ಕೆಲಸ ಆರಂಭವಾಯಿತು. ಜೂನ್ 15ರಿಂದ 17ರವರೆಗೆ ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ ನಡೆದ ಜಿ7 ಶೃಂಗಸಭೆಯಲ್ಲಿ ಜರ್ಮನ್ ಚಾನ್ಸಲರ್ ಹೆಲ್ಮುಟ್ ಕೋಲ್ ಈ ವಿಷಯವನ್ನು ಜಾನ್ ಮೇಜರ್ ಮುಂದಿಟ್ಟರು. ಜೂನ್ 16ರಂದು, ನೀರಿನ ಫಿರಂಗಿಗಳ ನಡುವೆಯೇ, ಗ್ರೀನ್‌ಪೀಸ್ ಹೆಲಿಕಾಪ್ಟರ್ ಇಬ್ಬರು ಕಾರ್ಯಕರ್ತರನ್ನು ಮತ್ತೆ ಸ್ಪಾರ್ ಮೇಲೆ ಇಳಿಸಿತು. ಆ ದೃಶ್ಯ ಯುರೋಪಿನ ಎಲ್ಲ ಮನೆಗಳಿಗೂ ತಲುಪಿತು. ಚಿಕ್ಕ ಹೆಲಿಕಾಪ್ಟರ್, ದೊಡ್ಡ ಕಂಪನಿ, ಅದರ ಕಡೆಯಿಂದ ಚಿಮ್ಮುವ ನೀರು: ಯಾರ ಪರ ನಿಲ್ಲಬೇಕೆಂದು ನೋಡುಗನಿಗೆ ಹೇಳಿಕೊಡಬೇಕಾದ್ದೇ ಇರಲಿಲ್ಲ. ಭದ್ರತಾ ಗುತ್ತಿಗೆದಾರರು ಏನು ಮಾಡಬಹುದು, ಏನು ಮಾಡಬಾರದು ಎಂಬ ನಿಯಮಾವಳಿಯನ್ನು ಸಂವಹನದವರೂ ಓದಿರಬೇಕು ಎನ್ನುವುದು ಇದಕ್ಕೇ. ಹೇಳಿಕೆ ಬರೆಯುವವನಿಗೆ ಗೊತ್ತಿಲ್ಲದೆ ನೀರು ಹಾರಿಸಿದರೆ ಆ ಹೇಳಿಕೆ ಯಾರಿಗೂ ಬೇಡ.

ಜರ್ಮನಿಯಲ್ಲಿ ಬಹಿಷ್ಕಾರ ಹಬ್ಬಿತು. ಬಂಕ್‌ಗಳ ವ್ಯಾಪಾರ ಗಣನೀಯವಾಗಿ ಇಳಿಯಿತು. ಹಲವಾರು ಬಂಕ್‌ಗಳ ಮೇಲೆ ದಾಳಿಯಾಯಿತು. ಬೆಂಕಿ ಹಚ್ಚಿದ, ಗುಂಡು ಹಾರಿಸಿದ ಘಟನೆಗಳೂ ನಡೆದವು. ಗ್ರೀನ್‌ಪೀಸ್ ಹಿಂಸೆಯನ್ನು ಖಂಡಿಸಿತು. ಅತ್ತ ದರಿ, ಇತ್ತ ಪುಲಿ ಎಂಬ ಸ್ಥಿತಿಯಲ್ಲಿ ಶೆಲ್ ಸಮೂಹದ ಹಿರಿಯರು ಜೂನ್ 20ರಂದು ನಿಲ್ಲಿಸುವ ತೀರ್ಮಾನಕ್ಕೆ ಬಂದರು.

ಜರ್ಮನಿಯಲ್ಲೇ ಏಕೆ ಇಷ್ಟು ಉರಿ? 1991ರ ಪ್ಯಾಕೇಜಿಂಗ್ ಕಾಯ್ದೆಯ ನಂತರ ಅಲ್ಲಿನ ಮನೆಮನೆಯಲ್ಲೂ ಮೊಸರಿನ ಡಬ್ಬಿ, ಗಾಜು, ಕಾಗದಗಳನ್ನು ಬೇರೆ ಬೇರೆ ಮಾಡಿ ಹಾಕುವ ಅಭ್ಯಾಸ ಬೆಳೆದಿತ್ತು. ಖಾಲಿ ಡಬ್ಬಿ ತೊಳೆದು ವಿಂಗಡಿಸುವ ಗೃಹಸ್ಥನಿಗೆ, 14,500 ಟನ್ ಗುಜರಿಯನ್ನು ಸಮುದ್ರಕ್ಕೆ ಎಸೆಯುವುದೇ ಉತ್ತಮ ಎಂದು ಒಪ್ಪಿಸುವುದು ಹೇಗೆ? ಶೆಲ್‌ನ ವಾದಕ್ಕೆ ಒಂದು ಪುಟ ಬೇಕಿತ್ತು. ಎದುರಿನ ವಾದಕ್ಕೆ ಒಂದೇ ಸಾಲು ಸಾಕಿತ್ತು: ಸಮುದ್ರ ಕಸದ ಬುಟ್ಟಿಯಲ್ಲ. ಇದನ್ನು ತಿಳಿಯಲು ಸಮೀಕ್ಷೆಯೂ ಬೇಕಿರಲಿಲ್ಲ. ಯೋಜನೆಯ ಸಾರವನ್ನು ಹತ್ತು ಜನ ಜರ್ಮನ್ ಡೀಲರ್‌ಗಳಿಗೆ ಓದಿ ಹೇಳಿ ಮುಖ ನೋಡಿದ್ದರೆ ಸಾಕಾಗುತ್ತಿತ್ತು. ಅರ್ಧ ದಿನದ ಕೆಲಸ.

ಎಸ್ಸೊ ಬಗ್ಗೆಯೂ ಒಂದು ಮಾತು. ಅರ್ಧ ಪಾಲು ಅದರದ್ದೇ ಆಗಿದ್ದರೂ ಬಹಿಷ್ಕಾರದ ಬಿಸಿ ಅದಕ್ಕೆ ತಟ್ಟಲಿಲ್ಲ. ಪಾಲುದಾರಿಕೆಯ ಕರಾರಿನಲ್ಲಿ ಖರ್ಚು ಅರ್ಧರ್ಧ ಎಂದು ಬರೆಯಬಹುದು. ಕೆಟ್ಟ ಹೆಸರು ಮಾತ್ರ ಬೋರ್ಡಿನ ಮೇಲೆ ಯಾರ ಹೆಸರಿದೆಯೋ ಅವರಿಗೆ ಪೂರ್ತಿ. ಜಂಟಿ ಯೋಜನೆಗೆ ಸಲಹೆ ಕೊಡುವವರು ಕರಾರಿನ ಈ ಭಾಗವನ್ನು ಮೊದಲು ಓದಬೇಕು.

5,500 ಟನ್

ಈ ಪ್ರಕರಣದಲ್ಲಿ ಅತಿ ಹೆಚ್ಚು ತಪ್ಪಾಗಿ ನೆನಪಿಡುವುದು ಈ ಅಂಕಿಯನ್ನು. ತೊಟ್ಟಿಯಲ್ಲಿ ಉಳಿದಿರುವ ತೈಲ ಸುಮಾರು 50 ಟನ್ ಎಂದು ಶೆಲ್ ಅಂದಾಜಿಸಿತ್ತು. ಜೂನ್ ಮಧ್ಯದಲ್ಲಿ ಗ್ರೀನ್‌ಪೀಸ್, ಸ್ಪಾರ್ ಮೇಲೆ ತಾನು ತೆಗೆದ ಮಾದರಿಗಳ ಆಧಾರದ ಮೇಲೆ 5,500 ಟನ್ ಎಂದಿತು. ನೂರು ಪಟ್ಟಿಗೂ ಮೀರಿದ ಅಂತರ. ಸೆಪ್ಟೆಂಬರ್ 5ರಂದು ಸಂಘಟನೆ ಶೆಲ್ ಯುಕೆಯ ಕ್ಷಮೆ ಕೇಳಿತು: ಮಾದರಿ ತೆಗೆಯುವ ಉಪಕರಣ ತೊಟ್ಟಿಯೊಳಗೆ ಇಳಿದಿರಲೇ ಇಲ್ಲ, ತೊಟ್ಟಿಗೆ ಹೋಗುವ ಕೊಳವೆಯಲ್ಲೇ ಇತ್ತು. ಅಕ್ಟೋಬರ್‌ನಲ್ಲಿ ಬಂದ ಡೆಟ್ ನೋರ್ಸ್ಕೆ ವೆರಿಟಾಸ್ ಎಂಬ ನಾರ್ವೆಯ ಸ್ವತಂತ್ರ ತಪಾಸಣಾ ಸಂಸ್ಥೆಯ ವರದಿ ಹೇಳಿದ್ದು ಸರಿಸುಮಾರು 75ರಿಂದ 100 ಟನ್. ಶೆಲ್ ಅಂದಾಜಿಗಿಂತ ಹೆಚ್ಚು, ಆದರೆ ಅದೇ ಅಳತೆಯ ಆಸುಪಾಸು.

ಸುಳ್ಳು ಅಂಕಿಯಿಂದಲೇ ಶೆಲ್ ಸೋತಿತು ಎಂದು ಹೇಳುವವರಿದ್ದಾರೆ. ದಿನಾಂಕಗಳನ್ನು ಜೋಡಿಸಿದರೆ ಆ ಮಾತು ನಿಲ್ಲುವುದಿಲ್ಲ. ಆ ಅಂಕಿ ಬರುವ ಹೊತ್ತಿಗೆ ಬಹಿಷ್ಕಾರ ಉರಿಯುತ್ತಿತ್ತು, ಸಚಿವರ ಸಮ್ಮೇಳನ ಮುಗಿದಿತ್ತು. ಜನ ಸಿಟ್ಟಾಗಿದ್ದು ಎಸೆಯುವುದರ ಮೇಲೆ, ಟನ್ನುಗಳ ಮೇಲಲ್ಲ. ಅಂಕಿಯ ನಿಜವಾದ ಪಾಠ ಬೇರೆ. ಅಂಥದೊಂದು ಸಂಖ್ಯೆ ಬಂದಾಗ ಅದೇ ದಿನ ಮೇಜಿನ ಮೇಲಿಡಲು ಶೆಲ್ ಬಳಿ ಮೂರನೆಯವರ ಸಹಿಯಿದ್ದ ದಾಸ್ತಾನು ವರದಿ ಇರಲಿಲ್ಲ. ತನ್ನದೇ ಲೆಕ್ಕ ಇತ್ತು, ಅದನ್ನು ಯಾರೂ ನಂಬುವ ಸ್ಥಿತಿಯಲ್ಲಿರಲಿಲ್ಲ. ವೆರಿಟಾಸ್ ತಪಾಸಣೆ ನಡೆದದ್ದು ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಅದೇ ವರದಿ ಪರವಾನಗಿಯ ಅರ್ಜಿಯ ಜೊತೆಗೇ ಇದ್ದಿದ್ದರೆ ಬಹಿಷ್ಕಾರ ತಪ್ಪುತ್ತಿರಲಿಲ್ಲ, ಆದರೆ 5,500 ಎಂಬ ಸಂಖ್ಯೆ ಒಂದು ದಿನಕ್ಕಿಂತ ಹೆಚ್ಚು ಬದುಕುತ್ತಿರಲಿಲ್ಲ.

ದಾಸ್ತಾನು ತಪಾಸಣೆ ಮಾಡಿಸುವಾಗ ಕೆಡುವುದು ಸಾಮಾನ್ಯವಾಗಿ ಒಂದೇ ಕಡೆ: ಕಂಪನಿ ತಪಾಸಕರಿಗೆ ಹಳೆಯ ಕಡತ ಕೊಟ್ಟು ಪರಿಶೀಲಿಸಿ ಎನ್ನುತ್ತದೆ. ಕಡತದ ಪರಿಶೀಲನೆ ಕಡತಕ್ಕೇ ಪ್ರಮಾಣಪತ್ರ. ತಪಾಸಕರು ತಾವೇ ತೊಟ್ಟಿಗೆ ಇಳಿದು ಮಾದರಿ ತೆಗೆಯಬೇಕು, ಯಾವ ಬಿಂದುವಿನಲ್ಲಿ ತೆಗೆದದ್ದೆಂದು ನಕ್ಷೆಯಲ್ಲಿ ಗುರುತಿಸಬೇಕು, ವಿರೋಧಿಗಳು ಕೇಳಿದರೆ ಅದೇ ಬಿಂದುವಿನಿಂದ ಅವರೂ ತೆಗೆಯಲು ಅವಕಾಶವಿರಬೇಕು.

ಅದೇ ಆಗಸ್ಟ್‌ನಲ್ಲಿ ಎಡಿನ್‌ಬರೊ ಟೆಲಿವಿಷನ್ ಉತ್ಸವದಲ್ಲಿ ಬ್ರಿಟಿಷ್ ವಾಹಿನಿಗಳ ಸುದ್ದಿ ಸಂಪಾದಕರು, ಗ್ರೀನ್‌ಪೀಸ್ ಒದಗಿಸಿದ ಚಿತ್ರಗಳ ರಭಸದಲ್ಲಿ ತಾವು ದೂರ ಕಾಯ್ದುಕೊಳ್ಳಲಿಲ್ಲ ಎಂದು ಒಪ್ಪಿಕೊಂಡರು. ಶೆಲ್‌ಗೆ ಅದರಿಂದ ಏನೂ ದಕ್ಕಲಿಲ್ಲ. ಚಿತ್ರ ಕೊಡದವನ ಪರ ಚಿತ್ರ ತೋರಿಸುವವರಿಲ್ಲ.

ಎರಡನೆಯ ಸುತ್ತು

ಹೆಚ್ಚಿನ ಬರಹಗಳು ಜೂನ್ 20ಕ್ಕೆ ನಿಲ್ಲುತ್ತವೆ. ವೃತ್ತಿಯವರಿಗೆ ಉಪಯೋಗವಾಗುವ ಭಾಗ ಆಮೇಲಿನದು. ಜುಲೈನಲ್ಲಿ ನಾರ್ವೆ ಸರ್ಕಾರದ ಅನುಮತಿ ಪಡೆದು ಸ್ಪಾರ್ ಅನ್ನು ಎರ್‌ಫ್ಯೋರ್ಡ್‌ನಲ್ಲಿ ನಿಲ್ಲಿಸಲಾಯಿತು. ನಂತರ ಎರಡೂವರೆ ವರ್ಷ ಕಂಪನಿ ಏನು ಮಾಡಿತು?

ಮೊದಲು, ಪರಿಹಾರವನ್ನು ತಾನೇ ಹೇಳುವುದನ್ನು ಬಿಟ್ಟಿತು. 1995ರ ಕೊನೆಯಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆಗೆ ಕರೆಕೊಟ್ಟಿತು. ನೂರಾರು ಸಲಹೆಗಳು ಬಂದವು. ಅವುಗಳಲ್ಲಿ ಸೋಸಿ ಗುತ್ತಿಗೆದಾರರ ಸುಮಾರು 30 ಯೋಜನೆಗಳ ಉದ್ದ ಪಟ್ಟಿ, ಅದರಿಂದ ಚಿಕ್ಕ ಪಟ್ಟಿ. ಪ್ರತಿ ಹಂತದಲ್ಲೂ ಪಟ್ಟಿ ಬಹಿರಂಗ. ಮುಳುಗಿಸುವ ಮೂಲ ಯೋಜನೆಯನ್ನೂ ಹೋಲಿಕೆಯ ಅಳತೆಗೋಲಾಗಿ ಉಳಿಸಿಕೊಂಡರು. ಇದು ಜಾಣತನ, ಅದನ್ನು ಕದ್ದುಮುಚ್ಚಿ ಕೈಬಿಟ್ಟಿದ್ದರೆ ಮೊದಲಿನ ಅಧ್ಯಯನವೇ ಸುಳ್ಳು ಎಂದಾಗುತ್ತಿತ್ತು.

ಎರಡನೆಯದು, ಸಭೆಗಳನ್ನು ತಾನು ನಡೆಸಲಿಲ್ಲ. ಎನ್ವಿರಾನ್ಮೆಂಟ್ ಕೌನ್ಸಿಲ್ ಎಂಬ ಬ್ರಿಟಿಷ್ ಸ್ವತಂತ್ರ ಸಂಸ್ಥೆಗೆ ಆ ಕೆಲಸ ಒಪ್ಪಿಸಿತು. 1996ರ ಕೊನೆಯಲ್ಲಿ ಲಂಡನ್‌ನಲ್ಲಿ, ಮರುವರ್ಷ ಕೋಪನ್‌ಹೇಗನ್, ರಾಟರ್‌ಡ್ಯಾಮ್, ಹ್ಯಾಂಬರ್ಗ್‌ಗಳಲ್ಲಿ ಸಂವಾದಗಳು ನಡೆದವು. ಊರುಗಳ ಪಟ್ಟಿಯನ್ನು ಗಮನಿಸಿ: ಸಿಟ್ಟು ಎಲ್ಲಿತ್ತೋ ಅಲ್ಲಿಗೇ ಹೋದರು. ಸಲಹೆಗಳ ಚಿತ್ರ, ವಿವರಗಳೆಲ್ಲ ಸಿಡಿ-ರಾಮ್‌ನಲ್ಲಿ ಹಂಚಿಕೆಯಾದವು. ಅಂದಿನ ಕಾಲಕ್ಕೆ ಅದು ಹೊಸತು.

ಮೂರನೆಯದನ್ನು ಬಹಳ ಮಂದಿ ಗಮನಿಸುವುದಿಲ್ಲ. ಸಂವಾದದಲ್ಲಿ ಮತ ಹಾಕಿಸಲಿಲ್ಲ. ಯಾವ ಪರಿಹಾರ ಬೇಕು ಎಂದು ಕೇಳಿದರೆ ಪ್ರತಿ ಗುಂಪೂ ಒಂದೊಂದಕ್ಕೆ ಅಂಟಿಕೊಂಡು ಕೂರುತ್ತದೆ. ಪ್ರತಿ ಪರಿಹಾರದಲ್ಲಿ ನಿಮಗೆ ಕಾಣುವ ತೊಡಕೇನು, ಏನಾದರೆ ಅದು ಒಪ್ಪಿಗೆಯಾದೀತು ಎಂಬ ದಿಕ್ಕಿನ ಪ್ರಶ್ನೆಗಳಿಂದ ತೂಗುವ ಮಾನದಂಡ ಸಿಗುತ್ತದೆ. ಕೊನೆಯ ತೀರ್ಮಾನ ಕಂಪನಿಯದು, ಒಪ್ಪಿಗೆ ಸರ್ಕಾರದ್ದು ಎಂಬುದನ್ನು ಶುರುವಿನಲ್ಲೇ ಹೇಳಿದ್ದರು. ಕೈಯಲ್ಲಿಲ್ಲದ ಅಧಿಕಾರವನ್ನು ಸಭೆಗೆ ಕೊಡುತ್ತೇವೆಂದು ಹೇಳಿ ಆಮೇಲೆ ಕಿತ್ತುಕೊಳ್ಳುವುದರಿಂದ ಹಾಳಾದ ಸಂವಾದಗಳಿಗೆ ಲೆಕ್ಕವಿಲ್ಲ.

1998ರ ಜನವರಿಯಲ್ಲಿ ಆಯ್ಕೆ ಪ್ರಕಟವಾಯಿತು. ಸ್ಪಾರ್‌ನ ಉಕ್ಕಿನ ಮೈಯನ್ನು ಉಂಗುರಗಳಾಗಿ ಕತ್ತರಿಸಿ, ನಾರ್ವೆಯ ಸ್ಟವಾಂಗರ್ ಬಳಿಯ ಮೆಕ್ಯಾರ್ವಿಕ್‌ನಲ್ಲಿ ಹಡಗುಕಟ್ಟೆಯ ಅಡಿಪಾಯ ಮಾಡುವುದು. 1999ರಲ್ಲಿ ಕೆಲಸ ಮುಗಿಯಿತು. ಖರ್ಚು ಮುಳುಗಿಸುವ ಮೂಲ ಅಂದಾಜನ್ನು ಬಹಳ ಮೀರಿತು. ಅಷ್ಟರಲ್ಲಿ, 1998ರ ಜುಲೈನಲ್ಲಿ ಪೋರ್ಚುಗಲ್‌ನ ಸಿಂಟ್ರಾದಲ್ಲಿ ಸೇರಿದ ಓಸ್ಲೊ-ಪ್ಯಾರಿಸ್ ಒಪ್ಪಂದದ ದೇಶಗಳು, ಬಳಕೆ ಮುಗಿದ ಕಡಲ ರಚನೆಗಳನ್ನು ಸಮುದ್ರದಲ್ಲಿ ಎಸೆಯುವುದನ್ನೇ ನಿಷೇಧಿಸಿದವು. ಭಾರೀ ಕಾಂಕ್ರೀಟ್ ರಚನೆಗಳು, 10,000 ಟನ್ ಮೀರಿದ ಉಕ್ಕಿನ ಬುಡಗಳು ಮುಂತಾದ ಕೆಲವಕ್ಕೆ ಮಾತ್ರ ವಿನಾಯಿತಿ ಕೇಳಬಹುದು. ಹಾಗೆ ಕೇಳಿದರೆ ಆಕ್ಷೇಪಣೆಗೆ 60 ದಿನ ಅಲ್ಲ, 16 ವಾರ. ಒಂದು ಕಂಪನಿಯ ಪಟ್ಟಿಯಲ್ಲಿನ ಲೋಪಕ್ಕೆ ಇಡೀ ಉದ್ಯಮ ಬೆಲೆ ತೆತ್ತಿತು.

ಸಲಹೆಗಾರರು ಎಲ್ಲಿ ಕೂರಬೇಕಿತ್ತು

ಸಂವಹನ ಸಲಹೆಗಾರರಿಗೆ ಕರೆ ಬರುವುದು ಸಾಮಾನ್ಯವಾಗಿ ಕಾರ್ಯಕರ್ತರು ಸ್ಪಾರ್ ಹತ್ತಿದ ಮರುದಿನ. ಆ ಹೊತ್ತಿಗೆ ಉಳಿದಿರುವುದು ಹೇಳಿಕೆ ತಿದ್ದುವ ಕೆಲಸ. ಈ ಪ್ರಕರಣದಲ್ಲಿ ಅವರಿಂದ ಬದಲಾಗಬಹುದಿದ್ದ ತೀರ್ಮಾನಗಳೆಲ್ಲ 1992ರಿಂದ 1994ರ ನಡುವೆ, ಆಯ್ಕೆಗಳನ್ನು ಹೋಲಿಸುವ ಕೋಷ್ಟಕ ತಯಾರಾಗುತ್ತಿದ್ದಾಗ ಇದ್ದವು. ಆ ಕೋಷ್ಟಕದಲ್ಲಿ ಸುರಕ್ಷತೆ, ಪರಿಸರ, ಖರ್ಚು, ತಾಂತ್ರಿಕ ಸಾಧ್ಯತೆ ಇದ್ದವು. ಜನ ಒಪ್ಪುತ್ತಾರೆಯೇ ಎಂಬ ಕಾಲಮ್ಮಿಗೆ ತೂಕವಿರಲಿಲ್ಲ. ಅದನ್ನು ಸೇರಿಸಬೇಕಾದವರು ಇಂಜಿನಿಯರುಗಳಲ್ಲ.

ಹಾಗಾಗಿ ಇಂಥ ಕೆಲಸಕ್ಕೆ ಕರಾರು ಮಾಡಿಕೊಳ್ಳುವಾಗ ಮೂರು ಸಂಗತಿಗಳಿಗೆ ಪಟ್ಟು ಹಿಡಿಯುವುದು ಒಳ್ಳೆಯದು. ತಾಂತ್ರಿಕ ಕಡತ ಓದುವ ಹಕ್ಕು, ಸಾರಾಂಶವನ್ನಲ್ಲ, ಕಡತವನ್ನೇ. ಯೋಜನೆಯ ಘಟಕದಾಚೆಗಿನ ಘಟಕಗಳ ಜೊತೆ ನೇರವಾಗಿ ಮಾತಾಡುವ ಹಕ್ಕು. ಜರ್ಮನ್ ಘಟಕವಿದ್ದ ಹ್ಯಾಂಬರ್ಗ್‌ಗೆ ಫೋನ್ ಮಾಡಲು ಲಂಡನ್‌ನ ಅಪ್ಪಣೆ ಬೇಕೆಂದರೆ ಆ ಫೋನ್ ಹೋಗುವುದೇ ಇಲ್ಲ. ಮತ್ತು ನಿಲುಗಡೆಯ ಕಾಗದ: ಯಾವ ಹಂತದಲ್ಲಿ ನಿಲ್ಲಿಸಿದರೆ ಎಷ್ಟು ಖರ್ಚು, ನಿಲ್ಲಿಸು ಎನ್ನುವ ಅಧಿಕಾರ ಯಾರಿಗೆ, ನಿಲ್ಲಿಸುವ ಮುನ್ನ ಯಾರಿಗೆ ತಿಳಿಸಬೇಕು. ಸ್ಪಾರ್ ಲಂಗರು ಬಿಚ್ಚುವ ಮೊದಲು ನಿಲ್ಲಿಸಿದ್ದರೆ ಅದು ಮರುಪರಿಶೀಲನೆ ಎನಿಸಿಕೊಳ್ಳುತ್ತಿತ್ತು. ಅಟ್ಲಾಂಟಿಕ್ ದಾರಿಯಲ್ಲಿ ನಿಲ್ಲಿಸಿದ್ದು ಶರಣಾಗತಿ ಎನಿಸಿಕೊಂಡಿತು. ಕೊನೆಯ ಸಾಲು, ಯಾರಿಗೆ ತಿಳಿಸಬೇಕು ಎಂಬುದು, ಬರೆದಿಟ್ಟಿದ್ದರೆ ಪ್ರಧಾನಿಯೊಬ್ಬರು ಸಂಸತ್ತಿನಲ್ಲಿ ಆ ಮಧ್ಯಾಹ್ನ ಹಾಗೆ ನಿಲ್ಲಬೇಕಾಗಿರಲಿಲ್ಲ. ಶೆಲ್ ಅಂದು ಕಳೆದುಕೊಂಡಿದ್ದು ಗ್ರಾಹಕರನ್ನು ಮಾತ್ರವಲ್ಲ, ತನ್ನ ಪರ ವಾದಿಸಿದ ಸರ್ಕಾರದ ವಿಶ್ವಾಸವನ್ನೂ.

ಬ್ರೆಂಟ್ ಕ್ಷೇತ್ರದ ನಾಲ್ಕು ದೊಡ್ಡ ವೇದಿಕೆಗಳ ಸರದಿ ಬಂದಾಗ ಶೆಲ್ ಸಂವಾದ ಆರಂಭಿಸಿದ್ದು 2007ರಲ್ಲಿ. ವಿಲೇವಾರಿ ಯೋಜನೆ ಸಾರ್ವಜನಿಕರ ಮುಂದೆ ಬಂದದ್ದು 2017ರಲ್ಲಿ. ನಡುವೆ ಹತ್ತು ವರ್ಷ, ಸ್ವತಂತ್ರ ವಿಜ್ಞಾನಿಗಳ ಪರಿಶೀಲನಾ ಸಮಿತಿ. 2017ರ ಏಪ್ರಿಲ್‌ನಲ್ಲಿ ಡೆಲ್ಟಾ ವೇದಿಕೆಯ 24,000 ಟನ್ ಮೀರಿದ ಮೇಲ್ಭಾಗವನ್ನು ಪಯನಿಯರಿಂಗ್ ಸ್ಪಿರಿಟ್ ಹಡಗು ಒಂದೇ ಎತ್ತಿಗೆ ಎತ್ತಿ ದಡಕ್ಕೆ ತಂದಿತು. ಆದರೆ ಕಾಂಕ್ರೀಟ್ ಕಾಲುಗಳನ್ನು ಅಲ್ಲೇ ಬಿಡಲು ವಿನಾಯಿತಿ ಬೇಕಿತ್ತು. 2019ರಲ್ಲಿ ಅದಕ್ಕೆ ವಿಧ್ಯುಕ್ತ ಆಕ್ಷೇಪಣೆ ಸಲ್ಲಿಸಿದ ದೇಶ ಜರ್ಮನಿ. ಅದೇ ಅಕ್ಟೋಬರ್‌ನಲ್ಲಿ ಗ್ರೀನ್‌ಪೀಸ್ ಕಾರ್ಯಕರ್ತರು ಬ್ರೆಂಟ್ ಆಲ್ಫಾ ಮತ್ತು ಬ್ರಾವೊ ವೇದಿಕೆಗಳನ್ನು ಹತ್ತಿದರು. ಈ ಸಲ ಎರಡೂ ಹೆಸರುಗಳು ಪಟ್ಟಿಯಲ್ಲಿದ್ದವು.